ತಾರಸಿ ಪೆಟ್ಟಿಗೆಗೆ ದೊಡ್ಡಮ್ಮನ ಆರೈಕೆ

ಆ ಬೀದಿಯವರು ಅವಳನ್ನು ಥರ್ಮಾಮೀಟರ್ ಎಂದೇ ಕರೆಯುತ್ತಿದ್ದರು. ನಗರಪಾಲಿಕೆಯ ಪರಿಸರ ವಿಭಾಗದಲ್ಲಿ ಅವಳ ಕೆಲಸವೇ ಅದು. ಊರಿನ ತಾರಸಿಗಳ ಮೇಲೆ ಅಲ್ಲಲ್ಲಿ ನಿಲ್ಲಿಸಿದ ಬಿಳಿ ಪೆಟ್ಟಿಗೆಗಳು ಗಾಳಿಯ ಬಿಸಿ ಎಷ್ಟು, ತೇವ ಎಷ್ಟು ಎಂದು ಗಳಿಗೆಗೊಮ್ಮೆ ಲೆಕ್ಕ ಕಳಿಸುತ್ತವೆ. ಅದನ್ನು ಓದಿ ಯಾವ ಬೀದಿ ಎಷ್ಟು ಬೇಯುತ್ತಿದೆ ಎಂದು ಅವಳು ಹೇಳಬೇಕು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಆದರೂ ಕೆಳಗಿನ ಮನೆಯ ದರ್ಜಿ, ಅವಳು ಮೆಟ್ಟಿಲು ಇಳಿಯುವುದನ್ನೇ ಕಾದಿದ್ದು, "ಏನ್ ಥರ್ಮಾಮೀಟರ್, ಇವತ್ತು ನಮಗೆ ಜ್ವರ ಎಷ್ಟು?" ಎಂದು ಕೇಳದೆ ಬಿಡುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಆ ತಮಾಷೆಗೆ ಬೇರೆಯೇ ತೂಕ ಬಂದಿತ್ತು. ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಯುವ ಒಂದು ಬೀದಿಯನ್ನು ಆರಿಸಿ, ಅಲ್ಲಿನ ತಾರಸಿಗಳಿಗೆಲ್ಲ ಬಿಸಿಲು ಹೀರದ ಬಿಳಿ ಬಣ್ಣ ಬಳಿಸಿ, ರಸ್ತೆಯುದ್ದಕ್ಕೂ ಗಿಡ ನೆಡಿಸುವುದೆಂದು ನಗರಪಾಲಿಕೆ ತೀರ್ಮಾನಿಸಿತ್ತು. ಅದು ತಮ್ಮ ಬೀದಿಯೇ ಆಗಲಿ ಎಂದು ಅವಳು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಆದರೆ ಅವಳನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಹೋದ ಬೇಸಿಗೆಯಲ್ಲಿ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಿದ್ದಳು. ಸೆಕೆಗೆ ರಾತ್ರಿ ನಿದ್ದೆಯೇ ಇಲ್ಲ, ಇನ್ನೊಂದು ಬೇಸಿಗೆ ಹೀಗೇ ಕಳೆದರೆ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ತಾರಸಿಯ ಕೆಳಗಿನ ಆ ಎರಡು ಕೋಣೆ ಬಿಟ್ಟು ಬೇರೆ ಮನೆ ಹಿಡಿಯುವ ಶಕ್ತಿ ಇಬ್ಬರಿಗೂ ಇರಲಿಲ್ಲ.

ಬೀದಿಯ ಪಾಲಿನ ಪೆಟ್ಟಿಗೆ ಬಂದು ನಿಂತದ್ದು ಅವರ ತಲೆಯ ಮೇಲೆಯೇ. ನಿಲ್ಲಿಸಿದ ದಿನ ಥರ್ಮಾಮೀಟರ್ ನೂರು ಸಲ ಹೇಳಿದ್ದಳು: "ದೊಡ್ಡಮ್ಮಾ, ಇದನ್ನ ಚೆನ್ನಾಗಿ ನೋಡ್ಕೋ. ಇದು ಕೆಟ್ರೆ ನಮ್ಮ ಬೀದಿ ಕಥೆ ಮುಗೀತು."

"ನಿನ್ನಂಥವಳನ್ನೇ ಸಾಕಿದೀನಿ, ಇದ್ಯಾವ ಮಹಾ!" ಎಂದಿದ್ದಳು ದೊಡ್ಡಮ್ಮ.

ಪೆಟ್ಟಿಗೆ ಕೆಡಲಿಲ್ಲ. ಆದರೆ ಅದು ಕಳಿಸಿದ ಲೆಕ್ಕ ನೋಡಿ ಕಚೇರಿಯಲ್ಲಿ ಥರ್ಮಾಮೀಟರಿನ ಮುಖ ಸಣ್ಣದಾಯಿತು. ಊರೆಲ್ಲ ಹೆಂಚಿನ ಹಾಗೆ ಕಾಯುವ ಮಧ್ಯಾಹ್ನದಲ್ಲಿ ಅವರ ಬೀದಿ ಮಾತ್ರ ತಣ್ಣಗಿತ್ತು! ಅವಳ ಮೇಲಧಿಕಾರಿ ಎಲ್ಲವನ್ನೂ ಸರಾಸರಿಯಲ್ಲಿಯೇ ಅಳೆಯುವ ಮನುಷ್ಯ. ಬೆನ್ನ ಹಿಂದೆ ಎಲ್ಲರೂ ಸರಾಸರಿ ಸಾಹೇಬರು ಎನ್ನುತ್ತಿದ್ದರು. ಅವರು ಪಟ್ಟಿ ನೋಡಿ ನಕ್ಕರು. "ನಿಮ್ಮ ಬೀದಿ ಗಿರಿಧಾಮ ಕಣಮ್ಮ. ರಜಾ ಕಳೆಯೋಕೆ ನಾವೇ ಅಲ್ಲಿಗೆ ಬರ್ಬೇಕು."

ಅವಳಿಗೆ ನಗು ಬರಲಿಲ್ಲ. ಗ್ರಾಫನ್ನು ಹಿಗ್ಗಿಸಿ ಒಂದೊಂದು ದಿನವನ್ನೂ ನೋಡುತ್ತ ಕೂತಳು. ಬೆಳಗ್ಗೆಯಿಂದ ಏರುತ್ತ ಬಂದ ಬಿಸಿ ನಡುಮಧ್ಯಾಹ್ನಕ್ಕೆ ಧೊಪ್ಪನೆ ಬೀಳುತ್ತಿತ್ತು, ಅದೇ ಕ್ಷಣಕ್ಕೆ ತೇವಾಂಶ ನೆಗೆಯುತ್ತಿತ್ತು. ಬಿಸಿಲು ಇಳಿದ ಮೇಲೆ ಎರಡೂ ತಮ್ಮ ಪಾಡಿಗೆ ತಾವು ಸರಿಹೋಗುತ್ತಿದ್ದವು. ಮಳೆಯೂ ಇಲ್ಲ, ಮೋಡವೂ ಇಲ್ಲ. ಒಂದು ದಿನ ಮಾತ್ರ ಈ ಆಟ ನಡೆದಿರಲಿಲ್ಲ. ಅವತ್ತು ಬಿಸಿ ಊರಿನ ಎಲ್ಲ ಪೆಟ್ಟಿಗೆಗಳನ್ನೂ ಮೀರಿಸಿತ್ತು. ಯಾವ ದಿನವೆಂದು ನೋಡಿದಳು. ದೊಡ್ಡಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ ದಿನ.

ಅರ್ಧ ದಿನ ರಜೆ ಹಾಕಿ ಮನೆಗೆ ಓಡಿದಳು. ತಾರಸಿಯಲ್ಲಿ ಪೆಟ್ಟಿಗೆ ಒದ್ದೆ ಹೊದಿಕೆ ಹೊದ್ದು ನಿಂತಿತ್ತು. ಅದು ಅವಳೇ ದೊಡ್ಡಮ್ಮನಿಗೆಂದು ತಂದುಕೊಟ್ಟ ತೆಳು ಹತ್ತಿಯ ಹೊದಿಕೆ. ನೆನೆಸಿ ಮೈಮೇಲೆ ಹಾಕಿಕೊಂಡು ಮಲಗಲು ಡಾಕ್ಟರು ಹೇಳಿದ್ದರು. ದೊಡ್ಡಮ್ಮ ಪಕ್ಕದಲ್ಲೇ ಚೊಂಬು ಹಿಡಿದು ನಿಂತಿದ್ದಳು, ಸೆರಗು ತಲೆಯ ಮೇಲೆ.

"ಏನಿದು ದೊಡ್ಡಮ್ಮಾ!"

"ಚೆನ್ನಾಗಿ ನೋಡ್ಕೋ ಅಂದ್ಯಲ್ಲ. ಈ ಬಿಸಿಲಿಗೆ ಮನುಷ್ಯರೇ ಬಾಡಿಹೋಗ್ತಾರೆ, ಪಾಪ, ಇದು ಹೇಗೆ ತಡ್ಕೊಳ್ಳುತ್ತೆ? ಆರಿದ ಹಾಗೆಲ್ಲ ನೆನೆಸ್ತೀನಿ. ಸಂಜೆ ತೆಗೆದಿಡ್ತೀನಿ."

ಥರ್ಮಾಮೀಟರಿಗೆ ಸಿಟ್ಟು ನೆತ್ತಿಗೇರಿತು, ಹಿಂದೆಯೇ ಅಳುವೂ ಬಂತು. ಪೆಟ್ಟಿಗೆ ಬಿಸಿಲು ಅನುಭವಿಸಲೆಂದೇ ನಿಂತಿದೆ ಎಂದು ತಾನು ಹೇಳಿದ್ದಿದ್ದರೆ ತಾನೇ ದೊಡ್ಡಮ್ಮನಿಗೆ ಗೊತ್ತಾಗುವುದು?

ಮರುದಿನ ಸಾಹೇಬರ ಮುಂದೆ ಎಲ್ಲವನ್ನೂ ಒಪ್ಪಿಸಿದಳು. ಸುಮ್ಮನಿದ್ದರೆ ಬೀದಿ ಹೋಗುತ್ತಿತ್ತು, ಗುಟ್ಟಾಗಿ ತಿದ್ದಿದರೆ ಅವಳ ಮಾನ ಹೋಗುತ್ತಿತ್ತು. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪ್ರೀತಿಯಿಂದ ಮಾಡಿದಾರೆ, ಬೈಯೋ ಹಾಗಿಲ್ಲ. ಆದ್ರೆ ಈ ಪೆಟ್ಟಿಗೆ ಲೆಕ್ಕಕ್ಕಿಲ್ಲ. ಇದರ ಅಂಕಿಯನ್ನೆಲ್ಲ ಅಳಿಸಿಬಿಡಿ."

ಎಲ್ಲ ಮುಗಿಯಿತು ಅನ್ನಿಸಿತು. ಅಳಿಸುವ ಮುಂಚೆ ಕೊನೆಯ ಸಲ ಗ್ರಾಫಿನ ಮೇಲೆ ಕಣ್ಣಾಡಿಸಿದಳು. ಹೊದಿಕೆ ಯಾವಾಗ ಬಿತ್ತು, ಯಾವಾಗ ಎದ್ದಿತು ಎಂದು ತೇವಾಂಶದ ಗೆರೆಯೇ ದಿನದಿನವೂ ಹೇಳುತ್ತಿತ್ತಲ್ಲ! ಹಾಗಾದರೆ ಸುಳ್ಳು ಮಧ್ಯಾಹ್ನದ್ದು ಮಾತ್ರ. ರಾತ್ರಿಯ ಲೆಕ್ಕವನ್ನು ಯಾರೂ ಮುಟ್ಟಿಲ್ಲ. ಎಲ್ಲ ಬೀದಿಗಳ ರಾತ್ರಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದಳು. ಬೆಳಗಿನ ಜಾವಕ್ಕೆ ಬೇರೆ ಬೀದಿಗಳೆಲ್ಲ ತಣಿದಿದ್ದವು, ಅವರದು ಮಾತ್ರ ಜಪ್ಪಯ್ಯ ಎಂದರೂ ಇಳಿದಿರಲಿಲ್ಲ. ಹಗಲಿನ ಸುಳ್ಳು ತಂಪನ್ನೂ ರಾತ್ರಿಯ ನಿಜವಾದ ಧಗೆಯನ್ನೂ ಸೇರಿಸಿ ಸರಾಸರಿ ತೆಗೆದು, ಇಷ್ಟು ದಿನ ಎಲ್ಲರೂ ನೆಮ್ಮದಿಯಾಗಿದ್ದರು.

ಸಾಹೇಬರು ಬಹಳ ಹೊತ್ತು ನೋಡಿದರು. ಸರಾಸರಿಯ ಮಾತೆತ್ತಲಿಲ್ಲ. "ರಾತ್ರಿ ಬಿಸಿನೇ ಅಪಾಯದ್ದು. ಮೈಗೆ ಸುಧಾರಿಸ್ಕೊಳ್ಳೋಕೆ ಹೊತ್ತೇ ಸಿಗಲ್ಲ," ಎಂದರು. "ಆದ್ರೆ ಇದರ ಮೇಲೆ ಒಂದು ಸಲ ಅನುಮಾನ ಬಂದಿದೆ. ನಾನೇ ಬಂದು ಅಳೀತೀನಿ."

ಸೂರ್ಯ ಹುಟ್ಟುವ ಮೊದಲೇ ಬಂದರು, ಕೈಯಲ್ಲಿ ಕಚೇರಿಯ ಇನ್ನೊಂದು ಮಾಪಕ. ಅದರ ಅಂಕಿಯೂ ಪೆಟ್ಟಿಗೆಯ ಅಂಕಿಯೂ ಒಂದೇ ಆಗಿದ್ದವು. ಕೈಗಂಬಿಯಿಲ್ಲದ ಮೆಟ್ಟಿಲಿಳಿಯುತ್ತ ಗೋಡೆ ಹಿಡಿದವರು ಅಲ್ಲೇ ನಿಂತರು. ಗೋಡೆ ಇನ್ನೂ ಬೆಚ್ಚಗಿತ್ತು. ಕೆಳಗಿನ ಮೆಟ್ಟಿಲ ಮೇಲೆ ದೊಡ್ಡಮ್ಮ ಬೀಸಣಿಗೆ ಆಡಿಸುತ್ತ ಕೂತಿದ್ದಳು.

"ಇಷ್ಟು ಬೇಗ ಎದ್ದುಬಿಡ್ತೀರಾ ಅಮ್ಮ?"

"ಏಳೋಕೆ ಮೊದಲು ಮಲಗಿರ್ಬೇಕಲ್ಲ ಸ್ವಾಮಿ," ಎಂದಳು ದೊಡ್ಡಮ್ಮ.

ಸಾಹೇಬರು ಮಾಪಕವನ್ನು ಜೇಬಿಗೆ ಹಾಕಿಕೊಂಡು ಅವಳ ಪಕ್ಕದಲ್ಲೇ ಸ್ವಲ್ಪ ಹೊತ್ತು ಕೂತು ಎದ್ದು ಹೋದರು. ಆ ವಾರದ ಪಟ್ಟಿಯಲ್ಲಿ ಆಯ್ಕೆಯಾದದ್ದು ಈ ಬೀದಿಯೇ.

ಗಿಡಗಳಿಗೆ ಮಳೆಗಾಲ ಬರಬೇಕಿತ್ತು, ಬಣ್ಣದವರು ಮಾತ್ರ ತಡಮಾಡಲಿಲ್ಲ. ಬೀದಿಯ ಎಲ್ಲ ತಾರಸಿಗಳೂ ಬೆಳ್ಳಗಾದವು. ಅದಾಗಿ ಕೆಲವು ದಿನಗಳಿಗೆ, ಒಂದು ಬೆಳಗ್ಗೆ ಥರ್ಮಾಮೀಟರ್ ಎದ್ದು ನೋಡಿದರೆ ಕಿಟಕಿಯಲ್ಲಿ ಬಿಸಿಲು ಬಂದಿದೆ, ದೊಡ್ಡಮ್ಮ ಇನ್ನೂ ಹಾಸಿಗೆಯಲ್ಲೇ ಇದ್ದಾಳೆ, ಮಿಸುಕಾಡುತ್ತಿಲ್ಲ. ಅವಳು ಓಡಿಹೋಗಿ, ಬಗ್ಗಿ, ಕೈಯನ್ನು ದೊಡ್ಡಮ್ಮನ ಮೂಗಿನ ಹತ್ತಿರ ಹಿಡಿದಳು.

ದೊಡ್ಡಮ್ಮ ಕಣ್ಣು ಬಿಡದೆಯೇ ಆ ಕೈಯನ್ನು ಫಟ್ಟನೆ ಹೊಡೆದಳು. "ಅಪರೂಪಕ್ಕೆ ಕಣ್ಣು ಹತ್ತಿದೆ, ನೆಮ್ಮದಿಯಾಗಿ ನಿದ್ದೆ ಮಾಡೋಕೂ ಬಿಡಲ್ವೇನೇ?" ಎಂದು ಗೊಣಗಿ ಮಗ್ಗುಲು ಬದಲಿಸಿದಳು.