ಭಂಡಾರ ಹಚ್ಚಿದ ಟಗರು

"ರಾಯಚೂರು ಬಸ್ಸೂ ಹೋತಲ್ಲೋ," ಎಂದ ಬೂದೆಪ್ಪ. "ನಿನ್ನ ಆನಂದಪ್ಪ ಅದರಾಗಿಂದೂ ಇಳೀಲಿಲ್ಲ."

"ಬರ್ತಾನ ಬಿಡು ಯಪ್ಪಾ. ಟಗರು ಒಯ್ಯೋರು ಬಸ್ಸಿನಾಗ ಬರ್ತಾರೇನು? ಗಾಡಿ ಮಾಡ್ಕೊಂಡು ಬರ್ತಾರ," ಎಂದ ಪ್ರಭುರಾಜ, ಅಪ್ಪನ ಮುಖ ನೋಡದೆ.

ಜಾಲಹಳ್ಳಿಯ ಬಸ್ ನಿಲ್ದಾಣದ ಎದುರಿಗೆ ಚಹಾದಂಗಡಿ. ಅದರ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಪ್ರಭುರಾಜ ಕೂರುತ್ತಿದ್ದ, ಏಳುತ್ತಿದ್ದ, ರಸ್ತೆಯ ತನಕ ಹೋಗಿ ಮತ್ತೆ ಬಂದು ಕೂರುತ್ತಿದ್ದ. ಬೇವಿನ ಮರದ ನೆರಳಲ್ಲಿ ಕೆಂಪು ಟಗರು ನಿಂತಿತ್ತು. ಅದರ ಹಗ್ಗ ಬೆಳಗಿನಿಂದ ಬೂದೆಪ್ಪನ ಕೈ ಬಿಟ್ಟಿರಲಿಲ್ಲ. ಟಗರಿನ ಹಣೆಯ ಮೇಲೆ ನಿನ್ನೆ ಸಂಜೆ ಹಚ್ಚಿದ ಭಂಡಾರ, ದೇವರ ಅರಿಶಿನ, ಇನ್ನೂ ಹಳದಿಯಾಗಿ ಎದ್ದು ಕಾಣುತ್ತಿತ್ತು.

ಬರುವುದಾದರೂ ಯಾರು, ಮಣ್ಣು? ರಾಯಚೂರಿನ ಆನಂದ ಎಂಬ ಮನುಷ್ಯ ಈ ಭೂಮಿಯ ಮೇಲೇ ಇರಲಿಲ್ಲ. ಇದ್ದದ್ದು ಗೆಳೆಯನೊಬ್ಬನ ಹೆಸರಿನ ಹಳೇ ಸಿಮ್ಮು. ಅದು ಪ್ರಭುರಾಜನ ಎರಡನೇ ಫೋನಿನಲ್ಲಿತ್ತು. ಆ ಫೋನು ಈಗ ಚಪ್ಪಡಿಯ ಮೇಲೆ, ಅವನ ಅರ್ಧ ಕುಡಿದ ಚಹಾದ ಗ್ಲಾಸಿನ ಪಕ್ಕದಲ್ಲಿ ಬೋರಲು ಬಿದ್ದಿತ್ತು.

ರಾಯಚೂರಿನಲ್ಲಿ ಲಾಲ್ ಸಾಬ್ ಎಂಬ ಕುರಿ ದಲ್ಲಾಳಿ ಇದ್ದಾನೆ. ಈಗೀಗ ವಾಟ್ಸಾಪಿನಲ್ಲೇ ಲಿಲಾವು, ಅಂದರೆ ಹರಾಜು, ನಡೆಸುತ್ತಾನೆ. ಸಂತೆಗೆ ಕುರಿ ಹೊಡೆದುಕೊಂಡು ಹೋಗುವ ಗೋಜಿಲ್ಲ. ವಿಡಿಯೊ ಹಾಕಿದರೆ ಸಾಕು, ಮಾನ್ವಿಯವರು, ದೇವದುರ್ಗದವರು, ಆಚೆ ಗದ್ವಾಲದವರೂ ಮನೆಯಲ್ಲಿ ಕೂತು ಸವಾಲು ಕೂಗುತ್ತಾರೆ. ಲಾಲ್ ಸಾಬ್ ಖಡಕ್ ಆಸಾಮಿ. ಕೂಗುವವರು ಮೊದಲೇ ಐದು ಸಾವಿರ ಅವನಲ್ಲಿ ಇಡಬೇಕು; ಕೂಗಿ ಕೈಕೊಟ್ಟರೆ ಅದು ಮುಳುಗಿತು. ಮಾರುವವರ ಮನೆಯವರಂತೂ ಕೂಗುವ ಹಾಗೇ ಇಲ್ಲ. ಸಿಕ್ಕಿಬಿದ್ದರೆ ಆ ಮನೆಯ ಕುರಿ ಮತ್ತೆಂದೂ ಅವನ ಲಿಲಾವಿಗೆ ಹತ್ತುವುದಿಲ್ಲ.

ಬೂದೆಪ್ಪನಿಗೆ ಈ ಫೋನಿನ ವ್ಯಾಪಾರವೇ ಬೇಡವಾಗಿತ್ತು. ಮಲ್ಲಟದಲ್ಲಿ ಅವನ ಬೀಗತಿ ಯಮನಮ್ಮ ಎರಡು ಕುರಿ ಮಾರಿದಾಗ, ಕೊಂಡವನು ರೊಕ್ಕ ಹಾಕಿದ್ದೇನೆಂದು ಫೋನಿನಲ್ಲಿ ಹಸಿರು ಗುರುತು ತೋರಿಸಿ ಕುರಿ ಏರಿಸಿಕೊಂಡು ಹೋಗಿದ್ದ. ರೊಕ್ಕ ಇವತ್ತಿಗೂ ಬಂದಿಲ್ಲ. "ಕೈಯಾಗ ರೊಕ್ಕ ಬಿದ್ದ ಮ್ಯಾಲೇ ಹಗ್ಗ ಬಿಡಾಂವ ನಾನು," ಎಂದು ಷರತ್ತು ಹಾಕಿಯೇ ಬೂದೆಪ್ಪ ಒಪ್ಪಿದ್ದ. ಒಪ್ಪದೆ ಏನು ಮಾಡುತ್ತಾನೆ? ಮಗಳು ರಾಧಾಳಿಗೆ ರಾಯಚೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಸೋಮವಾರದೊಳಗೆ ಎಪ್ಪತ್ತು ಸಾವಿರ ಕಟ್ಟದಿದ್ದರೆ ಸೀಟು ಬೇರೆಯವರ ಪಾಲು. ಮನೆಯಲ್ಲಿ ಅಷ್ಟು ಬೆಲೆ ಬಾಳುವುದು ಈ ಟಗರೊಂದೇ.

ನಿನ್ನೆ ಸಂಜೆ ಸವಾಲು ಶುರುವಾಯಿತು. ಹಿರೇಕೊಟ್ನೆಕಲ್ಲಿನವನೊಬ್ಬ ಅರವತ್ತೆರಡು ಸಾವಿರಕ್ಕೆ ಸುಸ್ತಾದ. ಮಾನ್ವಿಯ ಅಕ್ಬರಿ ಬೇಗಂ ಅರವತ್ತಮೂರು ಎಂದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎಪ್ಪತ್ತು ಮುಟ್ಟಲಿಲ್ಲವಲ್ಲ! ಬೇಕಾದೀತೆಂದು ಆನಂದನ ಹೆಸರಿನಲ್ಲಿ ಮೊದಲೇ ಐದು ಸಾವಿರ ಇಟ್ಟಿದ್ದ ಪ್ರಭುರಾಜ ಹಟ್ಟಿಯ ಹಿಂದೆ ಹೋಗಿ, ಆನಂದನಾಗಿ ಅರವತ್ತೈದು ಎಂದು ಒತ್ತಿದ. ಬೇಗಂ ಬಿಡಲಿಲ್ಲ. ಇವನೂ ಬಿಡಲಿಲ್ಲ. ಎಪ್ಪತ್ತು ದಾಟಿತು, ಎಂಬತ್ತು ದಾಟಿತು. ಬೇಗಂ ಎಂಬತ್ತೈದು ಎಂದಾಗ ಸುಮ್ಮನಿದ್ದರೆ ಇವತ್ತು ಯಾವ ರಗಳೆಯೂ ಇರುತ್ತಿರಲಿಲ್ಲ. ಆಸೆ ಕೆಟ್ಟದ್ದು ನೋಡಿ, ಇನ್ನೊಂದು ಸಲ ಎಳೆದರೆ ಬರುತ್ತಾಳೆಂದು ತೊಂಬತ್ತು ಒತ್ತಿದ.

"ಬಸ್, ನನ್ನಿಂದ ಆಗಲ್ಲ," ಎಂದು ಬೇಗಂ ಬರೆದಳು.

"ಏಕ್ ಬಾರ್, ದೋ ಬಾರ್, ತೀನ್ ಬಾರ್! ರಾಯಚೂರು ಆನಂದ್ ಅವರಿಗೆ!" ಎಂದು ಲಾಲ್ ಸಾಬ್ ಕೂಗಿಯೇಬಿಟ್ಟ.

ಅದನ್ನೂ ಹೇಗೋ ಸುಧಾರಿಸಬಹುದಿತ್ತು. ಅಷ್ಟರಲ್ಲಿ ಬೂದೆಪ್ಪ ಸೊಂಟದ ಚೀಲದಿಂದ ಚಿಟಿಕೆ ಭಂಡಾರ ತೆಗೆದು, ರಾಧಾ ಹಿಡಿದ ಫೋನಿನ ವಿಡಿಯೊದಲ್ಲಿ ಎಲ್ಲರೂ ನೋಡುತ್ತಿದ್ದಂತೆ ಟಗರಿನ ಹಣೆಗೆ ಹಚ್ಚಿದ. "ಬೀರಪ್ಪನ ಆಣಿ. ಇನ್ನ ಇದು ಆನಂದಪ್ಪನೋರ ಟಗರು. ನಾ ಬರೇ ಕಾಯೋನು."

ಆ ಮನೆತನದಲ್ಲಿ ಅಜ್ಜ ಮುತ್ತಜ್ಜನ ಕಾಲದಿಂದ ನಡೆದು ಬಂದದ್ದು ಅದು. ವ್ಯಾಪಾರದ ಮಾತು ಮುಗಿದ ಜೀವಕ್ಕೆ ಭಂಡಾರ ಹಚ್ಚಿದರೆ ಅದು ಕೊಂಡವನದು. ಅವನಿಗೆ ಬೇಡವಾದರೆ ಅವನೇ ಬಂದು, ಹಗ್ಗ ಹಿಡಿದು, ತನ್ನ ಕೈಯಾರೆ ಒರೆಸಬೇಕು. ಅಲ್ಲಿಯವರೆಗೆ ಬೇರೆ ಯಾರಿಗೂ ಮಾರುವಂತಿಲ್ಲ. ಪ್ರಭುರಾಜನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಫೋನಿನಲ್ಲಾದ ವ್ಯಾಪಾರಕ್ಕೂ ಅಪ್ಪ ಭಂಡಾರ ಹಚ್ಚುತ್ತಾನೆಂದು ಹೊಳೆದಿರಲಿಲ್ಲ ಅಷ್ಟೆ. ಅತಿ ಜಾಣರ ಹಣೆಬರಹ ಹೀಗೇ.

ಪ್ರಭುರಾಜನ ಸ್ವಂತ ಫೋನು ಕೂಗಿತು. ಅಕ್ಬರಿ ಬೇಗಂ. ಅವನು ಎದ್ದು ಅಂಗಡಿಯ ಮಗ್ಗುಲಿಗೆ ಹೋದ.

"ಬೇಟಾ, ನಾನು ದೇವದುರ್ಗದಾಗ ಇದ್ದೀನಿ, ಬ್ಯಾರೆ ಕುರಿ ನೋಡಾಕ ಬಂದಿದ್ದೆ. ಆ ಆನಂದ ಬಂದು ಒಯ್ದ್ನೇನು? ಇಲ್ಲಂದ್ರ ಹೇಳು, ಗಾಡಿ ಆ ಕಡಿ ತಿರುಗಿಸ್ತೀನಿ. ನನ್ನ ಎಂಬತ್ತೈದಕ್ಕ ನಾ ತಯಾರಿದ್ದೀನಿ, ನಗದು ಕೊಡ್ತೀನಿ."

"ಬರ್ರಿ ಅಮ್ಮಾರ, ಲಗು ಬರ್ರಿ," ಎಂದವನೇ ಅಪ್ಪನ ಹತ್ತಿರ ಓಡಿದ. "ಯಪ್ಪಾ, ಬೇಗಂ ಬರಾಕತ್ತಾರ. ಎಂಬತ್ತೈದು ನಗದು ಕೊಡ್ತಾರಂತ. ಆ ಆನಂದ ಬರೋ ಗಿರಾಕಿ ಅಲ್ಲ. ಕೊಟ್ಟುಬಿಡಾಮು."

"ಭಂಡಾರ?"

"ಒರಸಿದ್ರಾತಪ್ಪ, ಅದರಾಗೇನದ!"

ಬೂದೆಪ್ಪ ಮಗನನ್ನು ಮೇಲಿಂದ ಕೆಳಗೆ ನೋಡಿದ. "ಏನದ ಅಂತೀ? ನಿನ್ನ ತಂಗಿ ಫೀಗಿಂತ ದೊಡ್ಡದು ನನಗ ಬ್ಯಾರೆ ಏನಿಲ್ಲಲೇ. ಆದ್ರ ಬ್ಯಾರೇದೋರ ಟಗರು ಮಾರಿ ಆಕಿನ್ನ ಓದಸ್ಲೇನು? ಅವ ಒಲ್ಲೆ ಅಂದ್ರ ಬಂದು ಒರಸಿ ಹೋಗ್ಲಿ. ಫೋನು ಹಚ್ಚು ಅವಗ."

"ಹಚ್ಚೀನಿ. ಬಂದ್ ಅದ."

"ಬಂದ್ ಅದನೋ?"

"ಹೂಂ."

ಬೂದೆಪ್ಪ ಹಗ್ಗವನ್ನು ಎಡಗೈಗೆ ಸುತ್ತಿಕೊಂಡ. ತನ್ನ ಗುಂಡಿಗಳ ಫೋನು ತೆಗೆದು ಲಾಲ್ ಸಾಬನಿಗೆ ಹಚ್ಚಿದ. "ಸಾಬ್ರ, ಆ ಆನಂದಪ್ಪನ ನಂಬರ್ ಹೇಳ್ರಿ. ಬಂದ್ ಅದ ಅಂತಾನ ನಮ್ಮ ಹುಡುಗ... ಹಾಂ? ನಿಮಗ ಮುಂಜಾನಿ ರಿಂಗ್ ಆತಾ?" ಎಂದವನು ಫೋನನ್ನು ಚಹಾದಂಗಡಿಯವನಿಗೆ ಕೊಟ್ಟು, ಲಾಲ್ ಸಾಬ್ ಹೇಳಿದ ನಂಬರು ಒತ್ತಿಸಿಕೊಂಡ.

ಪ್ರಭುರಾಜ ಗಕ್ಕನೆ ತಿರುಗಿದ. ಆ ಫೋನು ಆರಿಸಿಟ್ಟರೆ ಲಾಲ್ ಸಾಬನಿಗೆ ಸಂಶಯ ಬರುತ್ತದೆಂದು ಸದ್ದು ಮಾತ್ರ ತೆಗೆದಿಟ್ಟಿದ್ದ. ಚಪ್ಪಡಿಯ ಕಡೆ ಎರಡು ಹೆಜ್ಜೆ ಹಾಕಿದ್ದನೋ ಇಲ್ಲವೋ, ಅದು ಗುರ್ ಗುರ್ ಎಂದು ಕಲ್ಲಿನ ಮೇಲೆ ನಡುಗಿತು. ಪಕ್ಕದ ಗ್ಲಾಸಿನಲ್ಲಿ ಆರಿದ ಚಹಾ ಅಲುಗಿತು.

ಬೂದೆಪ್ಪ ಆ ಫೋನನ್ನು ನೋಡಿದ. ಮಗನನ್ನು ನೋಡಿದ. ತನ್ನ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಕಲ್ಲಿನ ಮೇಲಿನದು ಬಡಿದುಕೊಳ್ಳುತ್ತಲೇ ಇತ್ತು. ಕೊನೆಗೆ ಬೇರೆ ದಾರಿ ಕಾಣದೆ ಪ್ರಭುರಾಜ ಅದನ್ನು ಎತ್ತಿ ಕಿವಿಗಿಟ್ಟುಕೊಂಡ. ಅಪ್ಪ ನಾಲ್ಕು ಮಾರು ದೂರದಲ್ಲಿ, ಎದುರಿಗೇ ನಿಂತಿದ್ದ.

"ಆನಂದಪ್ಪನೋರೇನ್ರಿ? ನಾನ್ರಿ, ಜಾಲಹಳ್ಳಿ ಬೂದೆಪ್ಪ."

"ಯಪ್ಪಾ..."

"ನಿಮ್ಮ ಟಗರು ಬೆಳಗಿನಿಂದ ನಿಂತದ್ರಿ. ನೀರು ಕುಡಿಸೀನಿ, ಮೇವು ಹಾಕೀನಿ. ಬರ್ರಿ, ಬಂದು ಹಿಡ್ಕೋರಿ."

ಫೋನು ಇಟ್ಟ. ಬೇರೆ ಹೊತ್ತಿನಲ್ಲಾಗಿದ್ದರೆ ಕಾಲಿನ ಕೆರ ಕೈಗೆ ಬರುತ್ತಿತ್ತು, ಹುಟ್ಟಿದ ಗಳಿಗೆಗೆಲ್ಲ ಬೈಗುಳ ಬೀಳುತ್ತಿತ್ತು. ಏನೂ ಇಲ್ಲ. ಬೂದೆಪ್ಪ ಟಗರನ್ನು ನಡೆಸಿಕೊಂಡು ಬಂದು ಹಗ್ಗವನ್ನು ಮಗನ ಕೈಗೆ ಕೊಟ್ಟು, ಚಪ್ಪಡಿಯ ಆ ತುದಿಗೆ ಹೋಗಿ ಕೂತ. ಪ್ರಭುರಾಜನಿಗೆ ಭಯವಾಯಿತು.

ಅರ್ಧ ತಾಸಿಗೆಲ್ಲ ಅಕ್ಬರಿ ಬೇಗಂಳ ಸಣ್ಣ ಗೂಡ್ಸ್ ಗಾಡಿ ಬಂದೇಬಿಟ್ಟಿತು. ದಪ್ಪ ದೇಹದ, ಗಟ್ಟಿ ದನಿಯ ಹೆಂಗಸು. ಇಳಿದವಳೇ ಟಗರಿನ ತುಟಿ ಎತ್ತಿ ಹಲ್ಲು ನೋಡಿದಳು, ಬೆನ್ನು ಒತ್ತಿದಳು.

"ಬೂದೆಪ್ಪಣ್ಣ, ಚೀಜ್ ಚಲೋ ಅದ. ಮತ್ತ ಆ ರಾಯಚೂರಿನಾಂವ ಯಾಕ ಬಿಟ್ಟ?"

"ನನ್ನ ಕೇಳಬ್ಯಾಡ್ರಿ ಅಕ್ಕಾರ. ಟಗರು ನಂದಲ್ಲ. ಮಾಲಕರು ಅಲ್ಲಿ ನಿಂತಾರ, ಅವರನ್ನ ಕೇಳ್ರಿ."

ಬೇಗಂ ತಿರುಗಿದಳು. ಹಗ್ಗ ಹಿಡಿದು ನಿಂತ ಹುಡುಗನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳಿಗೆ ಅನುಮಾನ ಬಂತು. "ಯಾಕೋ, ಹಿಂಗ್ಯಾಕ ನಿಂತೀ? ತೊಂಬತ್ತಕ್ಕ ಕೂಗಿದಾಂವ ಬಿಟ್ಟು ಹೋದ ಅಂದ್ರ ಇದಕ್ಕ ಏನೋ ರೋಗ ಅದ. ಹೌದಿಲ್ಲೋ? ಬ್ಯಾಡಪ್ಪ, ನನ್ನ ಹಿಂಡಿಗೆ ಹಚ್ಚಬ್ಯಾಡ್ರಿ." ಅವಳು ಸೆರಗು ಝಾಡಿಸಿ ಗಾಡಿಯ ಕಡೆ ನಡೆದಳು.

ಪ್ರಭುರಾಜ ಅಪ್ಪನನ್ನು ನೋಡಿದ. ಅಪ್ಪ ರಸ್ತೆ ನೋಡುತ್ತಿದ್ದ. ಮೂರು ವರ್ಷ ಮಗುವಿನ ಹಾಗೆ ಸಾಕಿದ ಟಗರಿಗೆ ರೋಗ ಎಂದರೂ ಅವನು ಬಾಯಿ ತೆರೆಯಲಿಲ್ಲ.

"ಅಮ್ಮಾರ, ನಿಂದ್ರಿ!" ಎಂದ ಪ್ರಭುರಾಜ. "ರೋಗ ಇಲ್ರಿ. ಆನಂದ ಅಂಬೋರು ಯಾರೂ ಇಲ್ರಿ. ನಿಮ್ಮ ಮ್ಯಾಲ ಕೂಗಿದಾಂವ ನಾನಾ."

"ಹಾಯ್ ಅಲ್ಲಾ!" ಬೇಗಂ ನಿಂತಲ್ಲೇ ನಿಂತಳು. "ಎಂಬತ್ತೈದರ ತನಕ ನನ್ನ ಕುಣಿಸಿದಾಂವ ನೀನಾ? ನಿನ್ನ ಮಾರಿ ಮಣ್ಣಾಗ ಹೋಗ್ಲಿ! ನಾ ಇದೇ ಗಾಡಿನಾಗ ಕುರಿ ಹೇರಿ ಹೊಟ್ಟಿ ಹೊರ್ಯಾಕಿ. ನನ್ನ ರೊಕ್ಕ ಏನು ಗಿಡದಾಗ ಬೆಳೀತದೇನು?" ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. "ನನ್ನ ಖರೇ ಸವಾಲು ಎಷ್ಟಿತ್ತು, ನಿನ್ನ ಬಾಯಿಲೇ ಹೇಳು."

"ಅರವತ್ತಮೂರು ರೀ."

"ಕೊಡ್ತೀ ಅಷ್ಟಕ್ಕ?"

ಎಪ್ಪತ್ತು ಎನ್ನಲು ನಾಲಿಗೆ ಏಳಲಿಲ್ಲ. "ಒಯ್ರಿ," ಎಂದ.

ಬೂದೆಪ್ಪ ಎದ್ದು ಬಂದು ಭಂಡಾರದ ಚೀಲ ಬಿಚ್ಚಿ ಮಗನ ಮುಂದೆ ಹಿಡಿದ. ಪ್ರಭುರಾಜ ಟಗರಿನ ಹಣೆಯ ಹಳೆಯದನ್ನು ಅಂಗೈಯಿಂದ ಒರೆಸಿ, ಅಕ್ಬರಿ ಬೇಗಂಳ ಹೆಸರು ಹೇಳಿ ಹೊಸದನ್ನು ಹಚ್ಚಿದ. ಬೇಗಂ ನೋಟಿನ ಕಟ್ಟನ್ನು ಅವನ ಕೈಗೆ ತುರುಕಿದಳು. "ನಿಮ್ಮ ಮುಖ ನೋಡಿ ಲಾಲ್ ಸಾಬಗ ಹೇಳಂಗಿಲ್ಲ ಬೂದೆಪ್ಪಣ್ಣ," ಎಂದು ಟಗರು ಏರಿಸಿಕೊಂಡು ಹೋದಳು.

"ಹೇಳೋದು ನಾನಾ ಹೇಳ್ತೀನ್ರಿ," ಎಂದ ಬೂದೆಪ್ಪ. ಗಾಡಿಯ ಸದ್ದಿನಲ್ಲಿ ಅದು ಅವಳಿಗೆ ಕೇಳಿಸಿತೋ ಇಲ್ಲವೋ.

ಪ್ರಭುರಾಜ ರೊಕ್ಕವನ್ನು ಅಪ್ಪನ ಮುಂದೆ ಚಾಚಿದ.

"ನನಗ್ಯಾಕ್ರಿ ಅದು? ನಿಮ್ಮ ಟಗರು ನೀವು ಮಾರಿಕೊಂಡ್ರಿ. ನಾ ನಿಮಗ ತೊಂಬತ್ತಕ್ಕ ಕೊಟ್ಟೀನಿ. ತೊಂಬತ್ತು ಕೊಡ್ರಿ. ಸೋಮವಾರದೊಳಗ ಮುಟ್ಟಿಸ್ರಿ, ನಮ್ಮ ಹುಡುಗಿ ಫೀ ಕಟ್ಟೋದದ."

"ಯಪ್ಪಾ, ಹಂಗ ಮಾತಾಡಬ್ಯಾಡೋ," ಪ್ರಭುರಾಜನ ದನಿ ಒಡೆಯಿತು. "ತಂಗಿ ಸಲುವಾಗಿ ಮಾಡೀನೋ. ಬೈಕ್ ಮಾರಿ ಕೊಡ್ತೀನಿ, ಕೂಲಿ ಮಾಡಿ ಕೊಡ್ತೀನಿ. ಬೇಕಾದ್ರ ಇಲ್ಲೇ ಕೆರ ತಗೊಂಡು ಹೊಡಿ."

"ಕೊಂಡೋರನ್ನ ಹೊಡಿಯೋ ಪದ್ಧತಿ ನಮ್ಮಲ್ಲಿ ಇಲ್ರಿ," ಎಂದ ಬೂದೆಪ್ಪ. ಪ್ರಭುರಾಜ ಹೋಗಿ ಚಪ್ಪಡಿಯ ಮೇಲೆ ಕೂತ.

ಹಟ್ಟಿಯ ದಾರಿಯಿಂದ ಬೂದೆಪ್ಪನ ಹೆಂಡತಿ ಅಯ್ಯಮ್ಮ ಬಂದಳು, ತಲೆಯ ಮೇಲೆ ರೊಟ್ಟಿಯ ಗಂಟು, ಕೈಯಲ್ಲಿ ನೀರಿನ ಚರಿಗೆ. ದೂರದಿಂದ ಬಂದು ಜೀವ ಕೊಂಡವರನ್ನು ಉಣ್ಣಿಸದೆ ಕಳಿಸಿದವಳಲ್ಲ ಅವಳು. "ಬಂದ್ರೇನು ರಾಯಚೂರಿನೋರು? ಟಗರೆಲ್ಲಿ?" ಎಂದಳು ಏದುಸಿರು ಬಿಡುತ್ತ.

"ಬಂದಾರ," ಎಂದ ಬೂದೆಪ್ಪ. "ಇಲ್ಲೇ ಕುಂತಾರ ನೋಡು. ಮೊದಲ ಅವರಿಗೆ ನೀಡು."

ಅಯ್ಯಮ್ಮ ಅತ್ತಿತ್ತ ನೋಡಿದಳು. ಚಪ್ಪಡಿಯ ಮೇಲೆ ನೋಟಿನ ಕಟ್ಟು ಹಿಡಿದು ತಲೆ ತಗ್ಗಿಸಿದ ಮಗನ ಹೊರತು ಯಾರೂ ಇರಲಿಲ್ಲ. ಅವಳು ಗಂಡನ ಮುಖ ನೋಡಿದಳು. ಗಂಟು ಬಿಚ್ಚಿ, ತಾಟಿನಲ್ಲಿ ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಇಟ್ಟು ಮಗನ ಮುಂದೆ ಸರಿಸಿದಳು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಚರಿಗೆ ಎತ್ತಿದಳು.

ಪ್ರಭುರಾಜ ಎರಡೂ ಕೈ ಚಾಚಿದ. ಅವ್ವ ನೀರು ಸುರಿದಳು. ಹಳದಿ ನೀರು ಅವನ ಬೆರಳುಗಳಿಂದ ಇಳಿದು ಮಣ್ಣಿನಲ್ಲಿ ಇಂಗಿತು.