ಎಡಗಡೆಯ ಹೂ

"ಬಲಗಡೆ ಹೂ ಬಿದ್ರೆ ಪ್ರೊಫೆಷನಲ್, ಎಡಗಡೆ ಬಿದ್ರೆ ಕಾಲೇಜು. ಆಮೇಲೆ ಯಾರೂ ಮಾತಾಡಬಾರದು," ಎಂದಳು ನೀರಜಾ.

ಜಪಾನಿನ ಎಡೋಗಾವಾದ ಆರನೇ ಮಹಡಿಯ ಆ ಮನೆಯಲ್ಲಿ ಗೋಡೆ ಕಪಾಟಿನ ಮೇಲಿನ ಅರೆಯೇ ದೇವರಮನೆ. ನಂಜುಂಡೇಶ್ವರನ ಪಟದ ಕಟ್ಟಿನ ಮೇಲೆ, ಎಡಕ್ಕೊಂದು ಬಲಕ್ಕೊಂದು ಒದ್ದೆ ಸೇವಂತಿಗೆ ಇಟ್ಟಿದ್ದಳು. ಸೂಪರ್ ಮಾರ್ಕೆಟ್ಟಿನ ಹೂವೇ ಆದರೂ ದೇವರಿಗೆ ಅದರ ಗುರುತು ಸಿಗದೆ ಇರುತ್ತದೆಯೆ.

ಹದಿನೆಂಟರ ಮಗ ಉದಯ್ ಶಾಲೆಯ ಸಮವಸ್ತ್ರದಲ್ಲಿ ಕೈಮುಗಿದು ನಿಂತಿದ್ದ. ಬೇಸ್‌ಬಾಲ್‌ನಲ್ಲಿ ಎಡಗೈಯಿಂದ ಚೆಂಡೆಸೆಯುವವನು. ವೃತ್ತಿ ತಂಡಕ್ಕೆ ಹೊಸ ಆಟಗಾರರನ್ನು ಹುಡುಕುವ ಸ್ಕೌಟ್ ಒಬ್ಬರು ಬಂದು, ಆ ಕೈ ನೋಡಿ, ಸೊಂಟ ಬಗ್ಗಿಸಿ ನಮಸ್ಕರಿಸಿ ಹೋಗಿದ್ದರು. ವೃತ್ತಿಗೆ ಇಳಿಯುವುದಾದರೆ ಇವತ್ತೇ ಅರ್ಜಿ ಕೊಡಬೇಕು. ಅದರ ಮೇಲೆ ತಂದೆಯ ಮೊಹರು ಬೀಳಬೇಕು. ಇಲ್ಲಿ ಸಹಿಯ ಬದಲು ಅದೇ. ಮಧುಕರ್ ಮೊಹರನ್ನು ಜೇಬಿನಲ್ಲಿಟ್ಟುಕೊಂಡೇ ಕಾಫಿ ಕುಡಿಯುತ್ತಿದ್ದ.

"ನಾಳೆ ಭುಜ ಕೈಕೊಟ್ರೆ ಒಂದು ಡಿಗ್ರಿನಾದ್ರೂ ಇರಬೇಡ್ವೇನೋ?"

"ಕಾಲೇಜಲ್ಲೂ ಸೇಮ್ ಭುಜ ಅಲ್ವಾ ಅಪ್ಪ."

ಆ ಎಡಗೈಯನ್ನು ಮನೆಯೊಳಗೆ ಕಟ್ಟಿಹಾಕಿದವಳು ನೀರಜಾಳೇ. ತಿನ್ನುವುದಕ್ಕೆ, ಕೊಡುವುದಕ್ಕೆ, ದೀಪ ಹಚ್ಚುವುದಕ್ಕೆ, ಎಲ್ಲಕ್ಕೂ "ಆ ಕೈ ಅಲ್ಲ." ಹುಡುಗ ಜಪಾನೀ ಕಲಿಯುವ ಮೊದಲು ಕಲಿತ ಕನ್ನಡ ಆ ಮೂರು ಪದ.

ಅವಳು ಕಣ್ಣು ಮುಚ್ಚಿ ಗಂಟೆ ಬಾರಿಸಿದಳು. ಅಷ್ಟರಲ್ಲಿ ಪಕ್ಕದ ಮೇಲುಸೇತುವೆಯಲ್ಲಿ ರೈಲು ಹಾದುಹೋಯಿತು. ಪಟ ಸಣ್ಣಗೆ ನಡುಗಿ, ಒಂದು ಹೂ ಬಿತ್ತು.

"ರೈಟ್," ಎಂದ ಉದಯ್.

"ಅದು ನಿನ್ನ ಬಲ ಕಣೋ. ದೇವರಿಗೆ ಎಡ."

"ದೇವರು ಆಪೋಸಿಟ್ ನಿಂತಿದಾನೆ ಅಂತ ಮೊದ್ಲೇ ಹೇಳ್ಬೇಕಿತ್ತು. ಆಮೇಲೆ, ಬೀಳಿಸಿದ್ದು ರೈಲು."

"ರೈಲೂ ಅವನದೇ."

"ಅಂಪೈರ್ ಔಟ್ ಕೊಟ್ಟಾಯ್ತು, ನಡಿ," ಎಂದು ಮಧುಕರ್ ನಕ್ಕ.

ಉದಯ್ ಕೂಡ ನಕ್ಕ. ಆದರೆ ಅವನ ಕಿವಿಗಳು ಕೆಂಪಾಗಿದ್ದವು. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟ. "ಸರಿ ಅಮ್ಮ. ಯಾರೂ ಮಾತಾಡಬಾರದು," ಎಂದು ತೀರ್ಥಕ್ಕೆ ಬಲಗೈ ಒಡ್ಡಿದ.

ಉದ್ಧರಣೆ ಹಿಡಿದ ನೀರಜಾಳ ಕೈ ನಡುವೆಯೇ ನಿಂತಿತು. ಬಿದ್ದ ಹೂವನ್ನೊಮ್ಮೆ ನೋಡಿದಳು, ಮಗನ ಕಿವಿಗಳನ್ನೊಮ್ಮೆ.

"ಆ ಕೈ ಅಲ್ಲ."

"ಇದು ರೈಟೇ ಅಮ್ಮ."

"ಗೊತ್ತು. ಅವನು ಹೂ ಕೊಟ್ಟಿದ್ದು ಎಡಕ್ಕೆ ತಾನೇ? ಚೆಂಡೆಸೆಯೋ ಆ ಎಡಗೈನೇ ಒಡ್ಡು."

ಮಧುಕರ್ ಲೋಟ ಕೆಳಗಿಟ್ಟ. "ಇದು ಮೋಸ ಕಣೇ," ಎಂದ. ಆದರೂ ಅರ್ಜಿಯನ್ನು ಎಳೆದುಕೊಂಡು ಮಡಿಕೆಗಳನ್ನು ಸವರಿ ನೇರ ಮಾಡಿದ. ಜೇಬಿನಿಂದ ಮೊಹರು ತೆಗೆದು, ಅಚ್ಚು ಚೆನ್ನಾಗಿ ಮೂಡಲೆಂದು ಅದರ ಮೇಲೆ ಹಾ ಎಂದು ಉಸಿರು ಬಿಟ್ಟ.

ಉದಯ್ ಅತ್ತ ನೋಡಲಿಲ್ಲ. ಚೆಂಡು ಹಿಡಿದು ಹಿಡಿದು ಜಡ್ಡುಗಟ್ಟಿದ ಅಂಗೈಯಲ್ಲಿ ಒಂದು ಗುಟುಕು ನೀರು ಹೊಳೆಯುತ್ತಿತ್ತು, ಅದರಲ್ಲೊಂದು ಹಳದಿ ಎಸಳು. ಚೆಲ್ಲದ ಹಾಗೆ ಬೆರಳು ಕೂಡಿಸಿ, ತೀರ್ಥ ಕುಡಿದು ಅಭ್ಯಾಸವಿಲ್ಲದ ಆ ಕೈಯನ್ನು ಮೆಲ್ಲಗೆ ತುಟಿಯ ಬಳಿಗೆ ತಂದ.