ಒಂದೇ ಕಡೆ ಓಡಿದ ಕುದುರೆಗಳು

ಲಕ್ವಾ ಹೊಡೆದ ಮೇಲೆ ಕಲ್ಲೇಶನ ಬಾಯಲ್ಲಿ ಉಳಿದದ್ದು ಒಂದೇ ಮಾತು: ಬ್ಯಾಡ. ಚಹಾ ಕೊಟ್ಟರೂ ಬ್ಯಾಡ, ಗುಳಿಗೆ ಕೊಟ್ಟರೂ ಬ್ಯಾಡ. ಹಾಗಂತಲೇ ಎರಡನ್ನೂ ನುಂಗುತ್ತಿದ್ದ. ಹೆಂಡತಿ ಸುಕನ್ಯಾ ಮೊದಮೊದಲು ಅತ್ತಳು, ಆಮೇಲೆ ಆ ಮಾತಿಗೆ ಕಿವಿಗೊಡುವುದನ್ನೇ ಬಿಟ್ಟಳು. ಬಿಡದೆ ಏನು ಮಾಡಿಯಾಳು?

ದೇವರ ಬೆಳ್ಳಿ ಮುಖವಾಡ ಮಾಡುತ್ತಿದ್ದ ಕೈ ಅವನದು. ಅಮ್ಮಿನಬಾವಿ ಊರಿನವರೂ ಹುಬ್ಬಳ್ಳಿಗೆ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೊನೆಗೆ ಹಿಡಿದ ಕೆಲಸ ಮಾತ್ರ ವಿಚಿತ್ರದ್ದು. ಕೇಶ್ವಾಪುರದ ವ್ಯಾಪಾರಿ ದತ್ತು ತಂದದ್ದು. ಜಪಾನಿ ಕತ್ತಿಯ ಹಿಡಿಗೆ ದಾರ ಸುತ್ತುತ್ತಾರಲ್ಲ, ಆ ದಾರದ ಕೆಳಗೆ ಕಂಡೂ ಕಾಣದಂತೆ ಕೂಡಿಸುವ ಬೆಳ್ಳಿ ಗೊಂಬೆ. ಮೆನುಕಿ ಎಂದು ಅದರ ಹೆಸರಂತೆ. ಹಿಡಿಯ ಎರಡು ಮಗ್ಗುಲಿಗೆ ಎರಡು ಕುದುರೆ, ಹೆಬ್ಬೆರಳಿನಷ್ಟು. ಒಂದನ್ನು ಮುಗಿಸಿದ್ದ, ಅಷ್ಟರಲ್ಲಿ ಬಲಗೈ ಬಿತ್ತು.

ಜೋಡಿ ಇಲ್ಲದ ಕುದುರೆ ಒಂಟಿ ಬೆಂಡೋಲೆಯಂತೆ, ಯಾರಿಗೂ ಬೇಡ. ಬೆಳ್ಳಿ ತನ್ನದು, ಕರಗಿಸಿಬಿಡುತ್ತೇನೆ ಎಂದು ದತ್ತು ಹೇಳಿಹೋಗಿದ್ದ. ಗಂಡನ ಕೈಯಿಂದ ಬಂದ ಕೊನೆಯದು ಕರಗಿಹೋಗುವುದೇ? ಇಷ್ಟು ವರ್ಷ ಅವನು ಬಡಿದದ್ದಕ್ಕೆಲ್ಲ ಒಪ್ಪ ಹಾಕಿದವಳು ಸುಕನ್ಯಾಳೇ. ಜೋಡಿಯನ್ನೂ ತಾನೇ ಮಾಡುತ್ತೇನೆಂದು ಕುಳಿತಳು.

ಅರಗಿನ ಮೇಲೆ ತಗಡು ಕೂಡಿಸಿ ಬೆನ್ನಿನ ಕಡೆಯಿಂದ ಬಡಿದು ಉಬ್ಬಿಸುವ ಕೆಲಸ. ಬೆನ್ನಿಗೆ ಬರೆದದ್ದು ಮುಂದೆ ಎಡಬಲ ತಿರುಗಿ ಮೂಡುತ್ತದೆ. ಅಷ್ಟೂ ತಿಳಿಯದ ದಡ್ಡಿಯಾಗಿದ್ದರೆ ಚೆನ್ನಾಗಿತ್ತು! ಜಾಣೆ, ಗಂಡನ ಕುದುರೆಯಂತೆಯೇ ಮೂಡಲೆಂದು ಬೆನ್ನಿಗೆ ಮೊದಲೇ ತಿರುವಿ ಬರೆದಳು. ಮಂಚದ ಮೇಲಿಂದ ಕಲ್ಲೇಶ ಬ್ಯಾಡ ಎಂದ. ಸುತ್ತಿಗೆ ಎತ್ತಿದಾಗಲೂ ಎಂದ. ಎಡಗೈಯಿಂದ ಮಂಚದ ಪಟ್ಟಿ ಬಡಿದು ಬಡಿದು ಎಂದ. ತನ್ನ ಸುತ್ತಿಗೆಯನ್ನು ಹೆಂಡತಿ ಹಿಡಿದದ್ದು ಅವನಿಗೆ ಸಹಿಸಲಾಗುತ್ತಿಲ್ಲ ಎಂದುಕೊಂಡು ಅವಳಿಗೆ ಸಿಟ್ಟೂ ಬಂತು, ಮರುಕವೂ ಬಂತು. ಮುಗಿದಾಗ ಎರಡನ್ನೂ ಅಂಗೈಯಲ್ಲಿಟ್ಟು ನೋಡಿದಳು. ಕೂದಲೆಳೆಯಷ್ಟೂ ಫರಕಿಲ್ಲ. ಹೆಮ್ಮೆಯಿಂದ ಕಣ್ಣು ತುಂಬಿತು.

ದತ್ತು ಬಂದ. ಎರಡನ್ನೂ ಕೈಯಲ್ಲಿ ಹೊರಳಿಸಿ ಹೊರಳಿಸಿ ನೋಡಿದ.

“ವೈನಿ, ಕೆಲಸ ಭಾಳ ಛಲೋ ಆಗೇತಿ. ಆದ್ರ ಎರಡೂ ಒಂದ ಕಡೆ ಓಡಾಕತ್ತಾವಲ್ರಿ. ಹಿಡಿಗೆ ಕೂಡಿಸಿದ್ರ ಒಂದು ಕುದರಿ ಯುದ್ಧಕ್ಕ ಹೋಗತೈತಿ, ಇನ್ನೊಂದು ಮನಿಗೆ ಓಡಿ ಬರತೈತಿ. ಕನ್ನಡ್ಯಾಗ ಕಂಡಂಗ ಇರಬೇಕಿತ್ತು.”

ತಿರುವದೆ ಬರೆದಿದ್ದರೆ ತಾನಾಗಿಯೇ ಹಾಗೆ ಬರುತ್ತಿತ್ತು. ಸುಕನ್ಯಾ ಮಂಚದ ಕಡೆ ನೋಡಿದಳು. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಸುಟ್ಟಿತು. ದಿನವೂ ಹೇಳಿದ್ದನಲ್ಲ ಪುಣ್ಯಾತ್ಮ! ಉಳಿದ ಒಂದೇ ಮಾತನ್ನು ಸರಿಯಾದ ಹೊತ್ತಿಗೇ ಹೇಳಿದ್ದ. ಕೇಳಬೇಕಾದವಳು ಕೇಳಲಿಲ್ಲ.

ಮತ್ತೊಂದು ಮಾಡಿಕೊಡುತ್ತೇನೆಂದು ಬೇಡಿಕೊಂಡಳು. ಕತ್ತಿಯ ಗಿರಾಕಿ ಕೊಟ್ಟ ಗಡುವು ಮುಗಿದಿತ್ತು. ಅವರು ಬೇರೆ ಕಡೆ ಮಾಡಿಸಿಕೊಂಡೂ ಆಗಿತ್ತು. ಆದರೂ ದತ್ತು ಕಟುಕನಲ್ಲ.

“ಕಲ್ಲೇಶಣ್ಣ ಮಾಡಿದ್ದು ಯಾವದು ಹೇಳ್ರಿ. ಅದೊಂದು ಮನ್ಯಾಗ ಇರಲಿ.”

ಸುಕನ್ಯಾ ಚಾಚಿದ ಕೈ ಅಲ್ಲೇ ನಿಂತಿತು. ಬೆಳಕಿಗೆ ಹಿಡಿದು ನೋಡಿದಳು, ಬೆನ್ನು ನೋಡಿದಳು, ಉಗುರಿನಿಂದ ಸವರಿದಳು. ಗುರುತು ಹತ್ತಲಿಲ್ಲ. ಎರಡನ್ನೂ ಒಯ್ದು ಗಂಡನ ಮುಂದೆ ಹಿಡಿದಳು.

“ನಿಮ್ಮದು ಯಾವದು, ಕಣ್ಣಿಲೇ ತೋರಸ್ರಿ.”

ಕಲ್ಲೇಶ ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ಈ ಸಲ ಬ್ಯಾಡ ಎನ್ನಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿದ.

ಅವಳು ಎರಡನ್ನೂ ಕರಗಿಸಲಿಕ್ಕೆಂದು ದತ್ತುವಿನ ಕೈಗೆ ಹಾಕಿದಳು.